ನಾಲ್ಕನೇ ಸಾಲಿನ ಅರ್ಧ ಚಮಚ

ನವೆಂಬರ್ 4, ಸೋಮವಾರ

ಮತ್ತೆ ಅದೇ ಕನಸು. ಚಳ್ಳಕೆರೆಯ ಪ್ರೆಸ್ಸಿನಲ್ಲಿ ನಿಂತು ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದೇನೆ. ಯಾವ ಗೂಡಿಗೆ ಕೈ ಹಾಕಿದರೂ ಖಾಲಿ ಚೌಕದ ಮೊಳೆಯೇ ಸಿಗುತ್ತದೆ. ಕ ಇಲ್ಲ, ಮ ಇಲ್ಲ. ಹಿಂದೆ ಯಾರೋ ನಿಂತು "ಆಯ್ತಾ? ಆಯ್ತಾ?" ಅನ್ನುತ್ತಿದ್ದಾರೆ. ತಿರುಗಿದರೆ ಈಗ ಕೆಲಸ ಮಾಡುವ ಡಿಟಿಪಿ ಅಂಗಡಿಯ ಯಜಮಾನರು ಸತ್ಯಮೂರ್ತಿಗಾರು. ಎಚ್ಚರವಾದಾಗ ಬೆರಳಿಗೆ ಸೀಸ ಹತ್ತಿದೆಯೇನೋ ಅಂತ ಲುಂಗಿಗೆ ಒರೆಸಿಕೊಂಡೆ. ಮೂವತ್ತು ವರ್ಷದ ಹಿಂದಿನ ಸೀಸ.

ಕನಸಿಗೆ ಕಾರಣ ಗೊತ್ತೇ ಇದೆ. ಶನಿವಾರ ವಿಜಯವಾಡದ ಪ್ರೆಸ್ಸಿಗೆ ಕಳಿಸಿದ ಫೈಲು ಅಲ್ಲಿ ತೆರೆದರೆ ಅಕ್ಷರವೇ ಇಲ್ಲವಂತೆ. ಇಂಗ್ಲಿಷ್ ಅಕ್ಷರ, ಚೌಕ, ಪ್ರಶ್ನೆ ಗುರುತು, ಎಲ್ಲಾ ಕಲಸಿದ ಹಾಗೆ. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಅಚ್ಚುಕಟ್ಟಾದ ಕನ್ನಡ.

ಪರವಾಡದ ಒಂದು ಔಷಧಿ ಕಂಪನಿಯ ಕೆಲಸ ಅದು. ಮಕ್ಕಳ ಫಿಟ್ಸಿಗೆ ಕೊಡುವ ಸಿರಪ್ಪು. ಕರ್ನಾಟಕಕ್ಕೆ ಹೋಗುವ ಪ್ರತಿ ಡಬ್ಬಿಯಲ್ಲೂ ಒಂದು ಕನ್ನಡ ಚೀಟಿ ಮಡಚಿಡುತ್ತಾರೆ. ಎಷ್ಟು ಕುಡಿಸಬೇಕು, ಯಾವ ಹೊತ್ತಿಗೆ, ಏನಾದರೆ ಆಸ್ಪತ್ರೆಗೆ ಓಡಬೇಕು, ಎಲ್ಲವೂ ಅದರಲ್ಲಿ ಇರುತ್ತದೆ. ವೈಜಾಗಿನ ದ್ವಾರಕಾನಗರದ ನಮ್ಮ ಅಂಗಡಿಯಲ್ಲಿ ಕನ್ನಡ ಬರುವವನು ನಾನೊಬ್ಬನೇ.

"ಏಮಯ್ಯಾ ಉಮಾಶಂಕರಂ, ನಿಮ್ಮ ಕನ್ನಡ ಅಂದರೆ ಬರೀ ಚೌಕಗಳಾ?" ಅಂದರು ಸತ್ಯಮೂರ್ತಿಗಾರು, ತೆಲುಗಿನಲ್ಲಿ, ಎಲ್ಲರ ಮುಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಗುರುವಾರದೊಳಗೆ ಸರಿಹೋಗದಿದ್ದರೆ ಕಂಪನಿಯವರು ಕೆಲಸವನ್ನು ಹೈದರಾಬಾದಿಗೆ ಕೊಡುತ್ತಾರಂತೆ. ಆಮೇಲೆ ನಮ್ಮ ಅಂಗಡಿಗೆ ಕನ್ನಡದವನು ಯಾಕೆ ಬೇಕು?

ಮನೆಯಿಂದ ಹೊರಟ ಮೇಲೆ ಗ್ಯಾಸ್ ನೋಡಲು ಎರಡು ಸಲ ವಾಪಸ್ ಬಂದೆ. ಆಫ್ ಆಗಿಯೇ ಇತ್ತು.

ನವೆಂಬರ್ 5, ಮಂಗಳವಾರ

ಮಗಳು ಹರ್ಷಿತಾ ಹೇಳಿಕೊಟ್ಟಳು. ಇಂಟರ್ ಎರಡನೇ ವರ್ಷ, ಅಂದರೆ ನಮ್ಮ ಕಡೆಯ ಪಿಯುಸಿ, ಓದುತ್ತಾಳೆ. ಕನ್ನಡ ಓದಲು ಬರುವುದಿಲ್ಲ, ತೆಲುಗು ಓದಿದ ಕಣ್ಣಿನಿಂದ ಅಂದಾಜು ಮಾಡುತ್ತಾಳೆ.

"ಅಪ್ಪಾ, ಇದು ಕನ್ನಡ ಕಾದು, ಅಲ್ಲವೇ ಅಲ್ಲ. ಒಳಗೆ ಇರೋದು ಇಂಗ್ಲಿಷ್ ಲೆಟರ್ಸ್. ನಿನ್ನ ಹಳೇ ಫಾಂಟು ಅದಕ್ಕೆ ಕನ್ನಡದ ಡ್ರೆಸ್ ಹಾಕಿ ಕೂರ್ಸಿದೆ ಅಷ್ಟೇ. ಅವರ ಹತ್ರ ಆ ಡ್ರೆಸ್ ಇಲ್ಲ."

"ಹಂಗಾದ್ರೆ ಹದಿನೈದು ವರ್ಷದಿಂದ ನಾನು ಟೈಪ್ ಮಾಡಿದ್ದು?"

"ಎಲ್ಲಾ ಡ್ರೆಸ್ಸೇ."

ಎಷ್ಟು ಸಲೀಸಾಗಿ ಅಂದುಬಿಟ್ಟಳು! ಫೈಲನ್ನು ಎಲ್ಲಾ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್ ಮಾಡಬೇಕಂತೆ, ಅದಕ್ಕೊಂದು ಬದಲಾಯಿಸುವ ಸಾಫ್ಟ್‌ವೇರ್ ಇದೆಯಂತೆ, ಕೊನೆಗೆ ಉಳಿಸುವಾಗ ಯುಟಿಎಫ್-8 ಅನ್ನುವುದನ್ನೇ ಆರಿಸಬೇಕಂತೆ. ಅಂಗೈ ಮೇಲೆ ಬರೆದುಕೊಂಡೆ. ಬಸ್ಸಿನಲ್ಲಿ ಬೆವರಿಗೆ ಎಂಟು ಅಳಿಸಿ ಮೂರಾದಂತೆ ಕಂಡಿತು. ಗಾಜುವಾಕದಿಂದ ದ್ವಾರಕಾನಗರದವರೆಗೂ ಎಂಟೋ ಮೂರೋ, ಎಂಟೋ ಮೂರೋ ಅಂತ ಅದೇ ಚಿಂತೆ.

ನವೆಂಬರ್ 6, ಬುಧವಾರ

ಎಂಟೇ. ಹರ್ಷಿತಾಗೆ ಎರಡು ಸಲ ಫೋನ್ ಮಾಡಿ ಕೇಳಿದೆ, ಎರಡನೇ ಸಲ ಬೈದಳು.

ಆ ಸಾಫ್ಟ್‌ವೇರಿನಲ್ಲಿ ಇನ್ನೊಂದು ಪುಟ್ಟ ಚೌಕವಿತ್ತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ವಿಶೇಷ ಗುರುತುಗಳನ್ನು ಸರಳ ಮಾಡು ಅನ್ನುವ ಅರ್ಥದ ಮಾತು. ಟಿಕ್ ಹಾಕಲೋ ಬೇಡವೋ? ಕೇಳಲು ಯಾರೂ ಇರಲಿಲ್ಲ, ಮೂರನೇ ಸಲ ಮಗಳಿಗೆ ಫೋನ್ ಮಾಡುವ ಧೈರ್ಯವಿರಲಿಲ್ಲ. ಸರಳವಾದರೆ ಒಳ್ಳೆಯದೇ ಅಲ್ಲವೇ ಅಂತ ಹಾಕಿದೆ. ಕಳಿಸಿದೆ.

ನವೆಂಬರ್ 7, ಗುರುವಾರ

ಬಂತು! ವಿಜಯವಾಡದಲ್ಲಿ ತೆರೆದರೆ ಪೂರ್ತಿ ಕನ್ನಡ. ಪ್ರೆಸ್ಸಿನ ಮ್ಯಾನೇಜರ್ ಫಣೀಂದ್ರಗಾರು ಸ್ಕ್ರೀನಿನ ಫೋಟೋ ಕಳಿಸಿದರು. ಔಷಧಿ ಕಂಪನಿಯಲ್ಲಿ ಕನ್ನಡ ನೋಡಿಕೊಳ್ಳುವ ನಮ್ರತಾ ಮೇಡಂ, ಮೈಸೂರಿನವರು, ಎಂ.ಫಾರ್ಮ್ ಓದಿದವರು, ಅವರೂ ಸ್ಕ್ರೀನಿನಲ್ಲಿ ನೋಡಿ ಓಕೆ ಅಂತ ಬರೆದರು. ಸತ್ಯಮೂರ್ತಿಗಾರು ಟೀ ತರಿಸಿದರು.

ನವೆಂಬರ್ 8, ಶುಕ್ರವಾರ

ಚಿಂತೆ ಮಾಡಲು ಏನೂ ಇಲ್ಲ. ಆದರೂ ರಾತ್ರಿ ಬೀಗ ಮೂರು ಸಲ ಎಳೆದು ನೋಡಿದೆ.

ನವೆಂಬರ್ 11, ಸೋಮವಾರ

ಬಸ್ಸಿನ ಪಾರ್ಸಲ್ಲಿನಲ್ಲಿ ಕಾಗದದ ಪ್ರೂಫು ಬಂತು. ಸ್ಕ್ರೀನಿನಲ್ಲೇ ಎಲ್ಲರೂ ಒಪ್ಪಿಯಾಗಿದೆ, ಅಚ್ಚು ಹಾಕಲೂ ಶುರು ಮಾಡಿದ್ದಾರೆ, ಇದು ಫೈಲಿನಲ್ಲಿ ಇಡಲಿಕ್ಕಷ್ಟೇ, ಸಹಿ ಮಾಡಿ ಕೊಡು ಅಂದರು ಯಜಮಾನರು. ನಾಳೆ ಕೊಡುತ್ತೇನೆ ಅಂತ ಮನೆಗೆ ತಂದೆ.

ಏಳನೇ ಕ್ಲಾಸು ಬಿಟ್ಟು ಚಳ್ಳಕೆರೆಯ ಪ್ರೆಸ್ಸಿಗೆ ಸೇರಿದಾಗ ನರಸಿಂಹಮೂರ್ತಿ ಮೇಷ್ಟ್ರು ನನಗೆ ಎರಡು ಕಟ್ಟಳೆ ಹಾಕಿದ್ದರು. ಆ ಪ್ರೆಸ್ಸು ಅವರದೇ. ಮೊದಲನೆಯದು, ದಿನಾ ಏನಾದರೂ ನಿನ್ನ ಕೈಯಿಂದ ಬರಿ. ಅದನ್ನು ಈ ಪುಸ್ತಕದಲ್ಲಿ ಮಾಡುತ್ತಿದ್ದೇನೆ, ನಡುವೆ ತಪ್ಪಿಸಿದರೂ. ಎರಡನೆಯದು, ಪ್ರೂಫನ್ನು ಒಬ್ಬನೇ ಓದಬೇಡ. ಒಬ್ಬ ಕಾಗದದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಮೂಲ ಹಿಡಿದು ಕೂತಿರಬೇಕು. ಲಗ್ನಪತ್ರಿಕೆಯಾದರೂ ಸರಿ, ಹರಾಜಿನ ನೋಟೀಸಾದರೂ ಸರಿ.

ಹೆಂಡತಿ ಮಂಗಳಾಗೌರಿ ಅವರೆಕಾಳು ಸುಲಿಯುತ್ತಿದ್ದಳು. ಕಂಪನಿಯವರು ಕೊಟ್ಟ ಮೂಲ ಅವಳ ತೊಡೆಯ ಮೇಲಿಟ್ಟೆ. ಓದುತ್ತಾ ಹೋದೆ. ಮೂರು ಸಾಲು ಮುಗಿಯಿತು.

"ಒಂದು ವರ್ಷದೊಳಗಿನ ಮಗುವಿಗೆ ಹನ್ನೆರಡು ಚಮಚ, ದಿನಕ್ಕೆ ಎರಡು ಸಲ."

"ಏನಂದ್ರಿ?"

"ಹನ್ನೆರಡು ಚಮಚ."

"ಅಯ್ಯೋ ನಿಮ್ ಕಣ್ಣಿಗೆ ಏನಾಗೈತ್ರೀ? ಇಲ್ಲಿ ಅರ್ಧ ಅಂತೈತೆ. ಒಂದು, ಗೀರು, ಎರಡು."

ನೋಡಿದೆ. ಮೂಲದಲ್ಲಿ ½. ಪ್ರೂಫಿನಲ್ಲಿ 12.

ಬೆರಳು ಅಲ್ಲೇ ಇತ್ತು, ತೆಗೆಯಲಾಗಲಿಲ್ಲ. ಮಂಗಳಾಗೌರಿ ಕಾಳಿನ ಮೊರ ಕೆಳಗಿಟ್ಟಳು. "ಯಾವುದಾದ್ರೂ ತಾಯಿ ಇದನ್ನು ನೋಡ್ಕೊಂಡು ಕುಡಿಸಿದ್ರೆ?" ಅಂದಳು.

ಹರ್ಷಿತಾ ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಬರೆದಿಡುತ್ತೇನೆ. ನಮ್ಮ ಚಳ್ಳಕೆರೆ ಪ್ರೆಸ್ಸಿನಲ್ಲಿ ½ ಅನ್ನುವುದು ಒಂದೇ ಮೊಳೆ, ಅದಕ್ಕೆ ಅದರದೇ ಗೂಡು. ನಾನು ಟಿಕ್ ಹಾಕಿದ ಚೌಕ ಆ ಮೊಳೆಯನ್ನು ಒಡೆದು ಮೂರು ಮಾಡಿದೆ: ಒಂದು, ಗೀರು, ಎರಡು. ನಮ್ಮ ಸ್ಕ್ರೀನುಗಳಲ್ಲಿ ಮೂರೂ ಕೂಡಿಕೊಂಡು ಅರ್ಧದಂತೆಯೇ ಕಾಣುತ್ತವೆ. ಅಚ್ಚಿಗೆ ಬಳಸುವ ಫಾಂಟಿನಲ್ಲಿ ಮಾತ್ರ ಆ ಗೀರು ಇಲ್ಲ. ಗೀರು ಬಿದ್ದುಹೋಯಿತು, ಒಂದೂ ಎರಡೂ ಉಳಿದವು.

ಚೌಕಕ್ಕೆ ಟಿಕ್ ಹಾಕಿದವನು ನಾನು.

ನವೆಂಬರ್ 12, ಮಂಗಳವಾರ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಅಂಗಡಿಯ ಮುಂದೆ ನಿಂತಿದ್ದೆ. ಸತ್ಯಮೂರ್ತಿಗಾರಿಗೆ ಪ್ರೂಫು ತೋರಿಸಿದೆ. ಅವರು ಕಂಪ್ಯೂಟರ್ ತೆರೆದು ನನಗೇ ತೋರಿಸಿದರು.

"ಇಲ್ಲಿ ಸರಿಯಾಗಿದೆಯಲ್ಲಯ್ಯಾ. ಅವರ ಪ್ರೂಫ್ ಮಿಷನ್ನು ಹಳೇದು. ದೊಡ್ಡ ಮಿಷನ್ನಿನಲ್ಲಿ ಸರಿ ಬರುತ್ತೆ. ಸಹಿ ಹಾಕು."

ಫಣೀಂದ್ರಗಾರೂ ಫೋನಿನಲ್ಲಿ ಅದನ್ನೇ ಅಂದರು. ಅವರ ಸ್ಕ್ರೀನಿನಲ್ಲೂ ಅರ್ಧವೇ ಇದೆ. ನಮ್ರತಾ ಮೇಡಂ ಮೀಟಿಂಗಿನಲ್ಲಿದ್ದರು. "ಉಮಾಶಂಕರ್ ಅವ್ರೇ, ನಾನು ಪಿಡಿಎಫ್ ನೋಡಿದೀನಿ, ಕ್ಲಿಯರ್ ಆಗಿದೆ, ಪ್ಲೀಸ್ ಪ್ಯಾನಿಕ್ ಮಾಡ್ಬೇಡಿ" ಅಂತ ಇಟ್ಟುಬಿಟ್ಟರು.

ನಾನು ಪ್ಯಾನಿಕ್ ಮಾಡುವವನೇ. ಅದು ಊರಿಗೆಲ್ಲಾ ಗೊತ್ತು. ಬೀಗ ಮೂರು ಸಲ ಎಳೆದು ನೋಡುವವನ ಮಾತನ್ನು ಯಾರು ನಂಬುತ್ತಾರೆ?

"ಸಹಿ ಹಾಕಲ್ಲ ಸರ್," ಅಂದೆ. ಪ್ರೂಫನ್ನು ಲಕೋಟೆಯೊಳಗೆ ಇಟ್ಟುಕೊಂಡೆ.

"ಏನಂದೆ?"

"ಸಾರಿ ಸರ್. ಹಾಕಲ್ಲ."

"ಹೋಗಲಿ, ಹನ್ನೆರಡು ಅಂತಲೇ ಬಂತು ಅನ್ನು. ಕೆಳಗಿನ ಸಾಲಿನಲ್ಲಿ ದೊಡ್ಡ ಮಕ್ಕಳಿಗೆ ಒಂದು ಚಮಚ ಅಂತ ಇದೆ. ಚಿಕ್ಕದಕ್ಕೆ ಹನ್ನೆರಡು ಅಂದರೆ ತಪ್ಪಾಗಿದೆ ಅಂತ ಯಾರಿಗಾದರೂ ತಿಳಿಯೋದಿಲ್ಲವಾ? ಬುದ್ಧಿ ಇರೋದಿಲ್ಲವಾ ಜನಕ್ಕೆ?"

ಇದಕ್ಕೆ ನನ್ನ ಉತ್ತರವನ್ನು ಈಗ ಬರೆಯುತ್ತೇನೆ. ಓದಿದವರಿಗೆ ತಿಳಿಯುತ್ತದೆ. ಓದಿದವರು ಅಚ್ಚಿನ ಜೊತೆ ಜಗಳ ಆಡುತ್ತಾರೆ. ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ತಮ್ಮನಿಗೆ ಜ್ವರ ಬಂದಾಗ ಮೂರನೇ ಕ್ಲಾಸಿನ ನಾನು ಅಕ್ಷರ ಕೂಡಿಸಿ ಚೀಟಿ ಓದುತ್ತಿದ್ದೆ, ಅವ್ವ ಹಾಗೇ ಕುಡಿಸುತ್ತಿದ್ದಳು. ನಾನು ಓದಿದ ಸಾಲಿನ ಕೆಳಗೆ ಏನಿದೆ ಅಂತ ಒಂದು ದಿನವೂ ಕೇಳಲಿಲ್ಲ. ತನ್ನ ಮಗುವಿನ ಸಾಲು ಸಿಕ್ಕಿದರೆ ಸಾಕು. ಅವಳಿಗೆ ಬುದ್ಧಿ ಇರಲಿಲ್ಲವೇ? ಇಡೀ ಊರಿಗೆ ಹಂಚುವಷ್ಟಿತ್ತು. ಅಚ್ಚಾಗಿದ್ದನ್ನು ನಂಬಿದಳು, ಅಷ್ಟೇ.

ನಾಳೆ ಸಂಜೆ ಐದಕ್ಕೆ ಚೀಟಿಗಳು ಲಾರಿ ಹತ್ತುತ್ತವಂತೆ. ಯಜಮಾನರು "ನಾಳೆಯಿಂದ ಬರಬೇಡ, ನಾನಾಗಿ ಕರೆಯೋವರೆಗೂ" ಅಂದರು. ಒಳ್ಳೆಯದೇ ಆಯಿತು, ರಜೆ ಕೇಳುವ ಕಷ್ಟ ತಪ್ಪಿತು. ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೋಗುತ್ತೇನೆ.

ನವೆಂಬರ್ 13, ಬುಧವಾರ. ವಿಜಯವಾಡ ಸ್ಟೇಷನ್ನಿನಲ್ಲಿ ಕುಳಿತು

ವಾಪಸ್ ರೈಲಿಗೆ ಇನ್ನೂ ಹೊತ್ತಿದೆ. ಮರೆಯುವ ಮೊದಲು ಎಲ್ಲಾ ಬರೆಯುತ್ತೇನೆ.

ಅನಕಾಪಲ್ಲಿ ದಾಟುವಾಗ ಬೆಲ್ಲದ ಚೀಲದವರು ಹತ್ತಿದರು. ಒಬ್ಬ ಮುದುಕ ಒಂದು ಚೂರು ಮುರಿದು ಕೈಗಿಟ್ಟ. ಪ್ರೂಫಿಗೆ ಅಂಟೀತು ಅಂತ ಇಡೀ ದಾರಿ ಎಡಗೈಯಲ್ಲಿ ಬೆಲ್ಲ, ಬಲಗೈಯಲ್ಲಿ ಲಕೋಟೆ ಹಿಡಿದು ಕುಳಿತಿದ್ದೆ. ಹೇಳಬೇಕಾದ ಮಾತನ್ನು ತೆಲುಗಿನಲ್ಲಿ ಉರು ಹೊಡೆದೆ. ಬೆಂಜ್ ಸರ್ಕಲ್ಲಿನಲ್ಲಿ ಆಟೋ ಇಳಿದು ಹಿಂದಿನ ಸಂದಿಯಲ್ಲಿ ಪ್ರೆಸ್ಸು ಹುಡುಕುವಷ್ಟರಲ್ಲಿ ಉರು ಹೊಡೆದದ್ದೆಲ್ಲಾ ಮರೆತುಹೋಗಿತ್ತು.

ಫಣೀಂದ್ರಗಾರು ಒಳ್ಳೆಯವರೇ. ಎದ್ದು ನಿಂತು ಕುರ್ಚಿ ಕೊಟ್ಟರು.

"ಒಂದು ಗೀರಿಗೋಸ್ಕರ ವೈಜಾಗಿನಿಂದ ಬಂದಿರಾ ಮಹಾನುಭಾವಾ? ಫೋನಿನಲ್ಲೇ ಹೇಳಿದೆನಲ್ಲ. ನೋಡಿ." ಸ್ಕ್ರೀನ್ ತಿರುಗಿಸಿದರು. ಅಲ್ಲಿ ಅರ್ಧವೇ ಇತ್ತು. ಎಷ್ಟು ಚೆಂದದ ಅರ್ಧ!

"ಸ್ಕ್ರೀನ್ ಬೇಡ ಫಣೀಂದ್ರಗಾರು. ದೊಡ್ಡ ಮಿಷನ್ನಿನಲ್ಲಿ ಅಚ್ಚಾಗಿರೋದು ಒಂದು ಹಾಳೆ ಕೊಡಿ. ನೀವೇ ಓದಿ."

"ನನಗೆ ಕನ್ನಡ ಎಲ್ಲಿ ಬರುತ್ತೆ?"

"ಅಂಕಿ ಬರುತ್ತಲ್ಲ. ನಾಲ್ಕನೇ ಸಾಲು."

ಬಂಡಲಿನ ನಡುವಿನಿಂದ ಒಂದು ಹಾಳೆ ಎಳೆದರು. ತೆಲುಗು ಓದುವವರಿಗೆ ನಮ್ಮ ಅಕ್ಷರ ಪೂರ್ತಿ ಅಪರಿಚಿತವಲ್ಲ. ಬೆರಳಿಟ್ಟು, ತಡೆದು ತಡೆದು, "ಮ...ಗು...ವಿಗೆ... ಪನ್ನೆಂಡು..." ಅಂತ ತೆಲುಗಿನ ಹನ್ನೆರಡಕ್ಕೆ ಬಂದು ನಿಲ್ಲಿಸಿದರು. ಚೀಟಿಯನ್ನು ಬೆಳಕಿಗೆ ಹಿಡಿದರು. ಇನ್ನೊಂದು ಬಂಡಲಿನಿಂದ ಇನ್ನೊಂದು ಎಳೆದರು. ಹೊರಗೆ ಹೋಗಿ ಯಾರಿಗೋ ಮಿಷನ್ ನಿಲ್ಲಿಸಲು ಹೇಳಿದರು. ಮಿಷನ್ ನಿಂತಿತು.

ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಆದ ಮಾಲನ್ನು ರದ್ದು ಮಾಡಲು ಕಂಪನಿಯ ಮಾತು ಬೇಕು, ಕಾರಣ ಬರೆದು ಒಬ್ಬರು ಸಹಿ ಹಾಕಬೇಕು. "ಪ್ರೆಸ್ಸಿನ ತಪ್ಪು ಅಂತ ಮಾತ್ರ ನಾನು ಬರೆಯೋದಿಲ್ಲ, ಕೊಟ್ಟ ಫೈಲು ಹಾಕಿದ್ದೇವೆ" ಅಂದರು. ಸತ್ಯಮೂರ್ತಿಗಾರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಸ್ಪೀಕರ್ ಹಾಕದೆಯೇ ಎಲ್ಲರಿಗೂ ಕೇಳಿಸಿತು.

"ಏನೂ ಬರೆಯಬೇಡ! ಬರೆದರೆ ನಮ್ಮ ಅಂಗಡಿ ಮೇಲೆ ಬರುತ್ತೆ. ನೀನು ಓದಿರೋದು ಏಳನೇ ಕ್ಲಾಸು, ಆ ಹುಡುಗಿ ಎಂ.ಫಾರ್ಮ್. ಅವಳು ಓಕೆ ಅಂದಿದ್ದಾಳೆ. ನೀನು ಯಾರಯ್ಯಾ?"

"ಏಳನೇ ಕ್ಲಾಸಿನವನು ಬೆರಳಿಟ್ಟು ಓದಿದ್ದಕ್ಕೇ ಸಿಕ್ಕಿತು ಸರ್," ಅಂದೆ. ಫೋನ್ ಇಟ್ಟೆ. ಯಜಮಾನರ ಫೋನನ್ನು ನಾನು ಇಟ್ಟೆ! ಆಗ ತಿಳಿಯಲೇ ಇಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ.

ಫಾರಂ ತೆಗೆದುಕೊಂಡು ಬರೆದೆ. ಫಾರಂ ಇಂಗ್ಲಿಷಿನದು, ನಾನು ಕನ್ನಡದಲ್ಲೇ ಬರೆದೆ. "ಫೈಲು ಬದಲಾಯಿಸುವಾಗ ಒಂದು ಚೌಕಕ್ಕೆ ಗೊತ್ತಿಲ್ಲದೆ ಟಿಕ್ ಹಾಕಿದವನು ನಾನು. ಅರ್ಧ ಹೋಗಿ ಹನ್ನೆರಡಾಗಿದೆ. ಒಂದು ಚೀಟಿಯೂ ಹೊರಗೆ ಹೋಗಬಾರದು." ಹೆಸರು, ಸಹಿ, ತಾರೀಖು. ಚೀಟಿಯ ಮೇಲೆ ಬೆರಳಿಟ್ಟು ಫೋಟೋ ತೆಗೆದು ನಮ್ರತಾ ಮೇಡಂಗೆ ಕಳಿಸಿದೆ.

ಆಮೇಲೆ ಕಾಯುವುದು. ಗಂಟೆ ಎರಡಾಯಿತು. ಎರಡೂವರೆ. ಲಾರಿ ಬೇಗ ಬಂದುಬಿಟ್ಟಿತು, ಸಂದಿಯಲ್ಲಿ ಹಾರ್ನ್ ಹಾಕುತ್ತಿತ್ತು. ಕಂಪನಿಯಿಂದ ಮಾತಿಲ್ಲ. ಲೋಡಿನವರು ಒಳಗೆ ಬಂದಾಗ ನಾನು ಹೋಗಿ ಬಂಡಲುಗಳ ಮೇಲೆ ಕುಳಿತುಬಿಟ್ಟೆ.

"ಏಳಿ ಅಂಕಲ್."

"ಏಳಲ್ಲ."

"ಏನು ಧರಣಿನಾ?"

"ಹೌದು ಅಂದ್ಕೋ."

ಅವರು ನಕ್ಕರು. ಫಣೀಂದ್ರಗಾರು ನಗಲಿಲ್ಲ. ಒಂದು ಟೀ ತಂದು ನನ್ನ ಪಕ್ಕ ಬಂಡಲಿನ ಮೇಲೆ ತಾವೂ ಕುಳಿತರು. "ನನ್ನ ಮೊಮ್ಮಗಳಿಗೆ ಎಂಟು ತಿಂಗಳು," ಅಂದರು. ನನಗೆ ಬಚ್ಚಲಿಗೆ ಹೋಗಬೇಕಿತ್ತು, ಎದ್ದರೆ ಎತ್ತಿಬಿಡುತ್ತಾರೆ ಅಂತ ಹೋಗಲಿಲ್ಲ.

ಮೂರು ನಲವತ್ತಕ್ಕೆ ನಮ್ರತಾ ಮೇಡಂ ಫೋನ್. ಧ್ವನಿಯೇ ಬೇರೆಯಾಗಿತ್ತು. "ಸರ್, ಒಂದೂ ಹೋಗಬಾರದು. ಮೇಲ್ ಹಾಕಿದೀನಿ. ಸರ್... ನಾನು ಸ್ಕ್ರೀನಲ್ಲೇ ನೋಡಿದ್ದೆ."

"ನಾನೂ ಮೇಡಂ," ಅಂದೆ.

ಬಂಡಲುಗಳೆಲ್ಲಾ ಕತ್ತರಿ ಮಿಷನ್ನಿಗೆ ಹೋದವು. ಕೊನೆಯದು ಹೋಗುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಆಟೋ ಹತ್ತುವಾಗ ಜೇಬಿಗೆ ಹಾಕಿಕೊಂಡ ಬೆಲ್ಲದ ಚೂರು ಕರಗಿ ಹೋಗಿತ್ತು, ಮಂಗಳಾಗೌರಿ ಬೈಯುತ್ತಾಳೆ.

ನವೆಂಬರ್ 14, ಗುರುವಾರ

ಬೈದಳು, ಪ್ಯಾಂಟಿಗೆ. ಅವರೆಕಾಳು ಸಾರು ಮಾಡಿದ್ದಳು.

ನವೆಂಬರ್ 18, ಸೋಮವಾರ

ಕೆಲಸವಿಲ್ಲದೆ ಐದನೇ ದಿನ. ಮಂಗಳಾಗೌರಿ ಕೇಳಿದಳು, "ಏನ್ರೀ, ಮುಂಜಾನೆ ಪೇಟೆಗೆ ಹೋಗುವಾಗ ಗ್ಯಾಸ್ ನೋಡ್ಲೇ ಇಲ್ಲ?" ಇವಳಿಗೆ ಬೇರೆ ಕೆಲಸವಿಲ್ಲವೇ?

ನಮ್ರತಾ ಮೇಡಂ ಫೋನ್ ಮಾಡಿದ್ದರು. ಈ ಸಲ ½ ಒಂದೇ ಗುರುತಾಗಿ ಬರುವಂತೆ ಮಾಡಿದ್ದಾರಂತೆ.

"ಗುರುತೇ ಬೇಡ ಮೇಡಂ. ಅಕ್ಷರದಲ್ಲಿ ಹಾಕಿ. ಅರ್ಧ ಚಮಚ."

"ಅದು ಅಪ್ರೂವ್ ಆದ ಟೆಕ್ಸ್ಟ್ ಸರ್. ಒಂದು ಪದ ಮುಟ್ಟಿದ್ರೂ ಮತ್ತೆ ಕಮಿಟಿಗೆ ಹೋಗ್ಬೇಕು."

"ಹೋಗಲಿ."

"ಒಂದು ವಾರ ಹಿಡಿಯುತ್ತೆ."

"ಹಿಡೀಲಿ ಮೇಡಂ. ಗೀರು ಬಿದ್ದುಹೋದರೆ ಹನ್ನೆರಡಾಗುತ್ತೆ. ಅರ್ಧದಲ್ಲಿ ಏನು ಬಿದ್ದುಹೋದರೂ ಹನ್ನೆರಡಾಗಲ್ಲ. ಹೆಚ್ಚೆಂದರೆ ಓದೋಕಾಗಲ್ಲ, ಆಗ ಯಾರನ್ನಾದರೂ ಕೇಳ್ತಾರೆ."

"ಇದನ್ನ ನೀವು ಹೇಳಿದ ಹಾಗೇ ಬರ್ಕೋತೀನಿ," ಅಂದರು. ಬರೆದುಕೊಂಡು ನನಗೇ ಓದಿ ಹೇಳಿದರು. ಒಂದು ಕಡೆ ತಿದ್ದಿಸಿದೆ.

ನವೆಂಬರ್ 26, ಮಂಗಳವಾರ

ಕಮಿಟಿ ಒಪ್ಪಿತು. ಮಧ್ಯಾಹ್ನ ಸತ್ಯಮೂರ್ತಿಗಾರು ಫೋನ್ ಮಾಡಿದರು. ಕನ್ನಡದ ಕೆಲಸ ಉಮಾಶಂಕರ್ ನೋಡದೆ ಕೊಡುವುದಿಲ್ಲ ಅಂತ ಕಂಪನಿಯವರು ಬರೆದಿದ್ದಾರಂತೆ.

"ನಾಳೆಯಿಂದ ಬನ್ನಿ ಉಮಾಶಂಕರಂಗಾರು. ಅದೇ ಔಷಧಿಯ ತೆಲುಗು ಚೀಟಿಗಳನ್ನೂ ಒಂದು ಸಲ ನೋಡಿಕೊಡಿ."

"ಸ್ಕ್ರೀನಿನಲ್ಲಿ ನೋಡಲ್ಲ. ಕಾಗದ ಬೇಕು. ಮೂಲ ಹಿಡಿಯಲು ಒಬ್ಬರು ಬೇಕು."

"ಯಾರನ್ನು ಕೂರಿಸಲಯ್ಯಾ? ಎಲ್ಲರಿಗೂ ಕೆಲಸವಿದೆ."

"ನೀವೇ ಕೂತ್ಕೊಳ್ಳಿ."

ಏನೋ ಗೊಣಗಿದರು. ಬೇಡ ಅನ್ನಲಿಲ್ಲ. ಮಾತು ಹೆಚ್ಚಾಯಿತೇನೋ ಅಂತ ಈಗ ಯೋಚನೆ. ಆಗಲಿ ಬಿಡು.

ನವೆಂಬರ್ 28, ಗುರುವಾರ

ಹೊಸ ಪ್ರೂಫು ಬಂತು. ನಾನು ಓದಿದೆ, ಸತ್ಯಮೂರ್ತಿಗಾರು ಕನ್ನಡಕ ಮೂಗಿಗಿಳಿಸಿ ಮೂಲ ಹಿಡಿದರು. ಕನ್ನಡ ಬರದಿದ್ದರೂ ಅಕ್ಷರದ ಆಕಾರ ನೋಡಿ ನೋಡಿ "ಊಂ, ಊಂ" ಅನ್ನುತ್ತಿದ್ದರು. ನಾಲ್ಕನೇ ಸಾಲಿನಲ್ಲಿ ಅ, ಧ, ಪಕ್ಕದಲ್ಲಿ ಅರ್ಕಾವೊತ್ತು. ಸರಿ ಇದೆ. ಸಹಿ ಹಾಕಿದೆ. ಮೊದಲು ಕೊಟ್ಟ ಪೆನ್ನು ಬರೆಯಲಿಲ್ಲ, ಬೇರೆ ಪೆನ್ನು ತಂದರು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಚ್ಚು. ಮನೆಗೆ ಬಂದು ಊಟ ಮಾಡಿದೆ, ಕೈ ತೊಳೆದೆ. ಸಹಿ ಹಾಕಿದ್ದು ಪ್ರೂಫಿಗೆ, ಅಚ್ಚಿಗಲ್ಲ ಅನ್ನುವುದು ಆಗ ಹೊಳೆಯಿತು. ಫಣೀಂದ್ರಗಾರಿಗೆ ಫೋನ್ ಮಾಡಿದೆ. ಅವರು ಊಟದ ಮಧ್ಯೆ ಇದ್ದರು, ಹಿಂದೆ ಒಂದು ಮಗು ತಟ್ಟೆ ಬಡಿಯುತ್ತಿತ್ತು. ಅವರಿಗೆ ಹೇಳಿದ್ದನ್ನು ಹಾಗೇ ಇಲ್ಲಿ ಬರೆದಿಡುತ್ತೇನೆ.

ದೊಡ್ಡ ಮಿಷನ್ನಿನಿಂದ ಮೊದಲ ಹಾಳೆ ಬಂದ ತಕ್ಷಣ ಮಿಷನ್ ನಿಲ್ಲಿಸಿ ಫಣೀಂದ್ರಗಾರು. ಸ್ಕ್ರೀನ್ ನೋಡಬೇಡಿ. ಹಾಳೆ ಕೈಗೆ ತಗೊಳ್ಳಿ, ಮೇಲಿನಿಂದ ನಾಲ್ಕನೇ ಸಾಲು, ಬೆರಳಿಡಿ, ಗಟ್ಟಿಯಾಗಿ ಓದಿ. ಚಮಚ ಅನ್ನೋದಕ್ಕೆ ಮೊದಲು ಏನಿದೆ ಅಂತ ಇನ್ನೊಂದೇ ಒಂದು ಸಲ ನೋಡಿ.